ಕಣಜದ ಕೀಲಿ

ದಾಮಾಜಿ ಪಂತನ ಕಥೆಯನ್ನು ಪಂಢರಪುರದ ವಾರಕರಿಗಳು ವಿಠ್ಠಲನ ಮಹಿಮೆಗಾಗಿ ಹೇಳುತ್ತಾರೆ. ಬೀದರಿನವರಿಗೆ ಅದರಲ್ಲಿ ಬೇರೆಯದೇ ಒಂದು ಪಾಠ ಸಿಗುತ್ತದೆ. ದಾಮಾಜಿ ಬಹಮನಿ ಸುಲ್ತಾನನ ಅಧಿಕಾರಿ; ಮಂಗಳವೇಢೆಯ ಸರ್ಕಾರಿ ಕಣಜಗಳ ಉಸ್ತುವಾರಿ ಅವನದು. ಬರ ಬಿತ್ತು, ಹಸಿದವರು ಬಾಗಿಲಿಗೆ ಬಂದರು, ಅವನು ಅಪ್ಪಣೆಗೆ ಕಾಯದೆ ಕಣಜ ತೆರೆದು ಹಂಚಿಬಿಟ್ಟ. ಕೈಕೆಳಗಿನವನೊಬ್ಬ ಬೀದರಿಗೆ ದೂರು ಬರೆದ, ಹಿಡಿದು ತರಲು ಹುಕುಂ ಹೊರಟಿತು. ದಾಮಾಜಿ ರಾಜಧಾನಿ ಮುಟ್ಟುವ ಮೊದಲೇ ವಿಠೂ ಎಂಬ ಮಹಾರನೊಬ್ಬ ದರ್ಬಾರಿಗೆ ಬಂದು, ಹಂಚಿದ ಧಾನ್ಯದ ಪೂರ್ತಿ ಬೆಲೆಯನ್ನು ಸುರಿದು, ರಸೀದಿ ತೆಗೆದುಕೊಂಡು ಹೋದ. ಬಂದವನು ಸ್ವತಃ ವಿಠ್ಠಲ ಎಂಬುದು ಭಕ್ತರ ನಂಬಿಕೆ. 1762ರಲ್ಲಿ ಮಹೀಪತಿ ತನ್ನ ‘ಭಕ್ತವಿಜಯ’ದಲ್ಲಿ ಇದನ್ನು ಬರೆದಿಟ್ಟ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಪವಾಡದ ಅಗತ್ಯ ಯಾಕೆ ಬಿತ್ತು ಎಂಬುದು ಮಾತ್ರ ಚರಿತ್ರೆಯ ಪ್ರಶ್ನೆ. ಕಥೆಯಲ್ಲಿ ಧಾನ್ಯಕ್ಕೆ ಕೊರತೆಯಿಲ್ಲ, ಕಣಜ ತುಂಬಿದೆ. ಅದನ್ನು ತೆರೆಯುವ ಅಧಿಕಾರ ಊರಿನವರಿಗಿಲ್ಲ, ಊರಿನ ಅಧಿಕಾರಿಗೂ ಇಲ್ಲ. ಹಸಿದವರ ಪರವಾಗಿ ಕೀಲಿ ತೆಗೆದವನು ಕಾನೂನಿನ ಕಣ್ಣಿಗೆ ಕಳ್ಳ. ಅವನನ್ನು ಉಳಿಸಲು ದೇವರೇ ಹಣ ಕಟ್ಟಬೇಕಾಯಿತು. ಚಿದ್ರಿ, ನೌಬಾದ್‌ನಿಂದ ಭಾಲ್ಕಿ, ಔರಾದಿನವರೆಗೆ ಬಾವಿಯ ಹೂಳೆತ್ತಲು, ಸಸಿ ನೆಡಲು, ಸಂಕಟದ ದಿನಗಳಲ್ಲಿ ರೇಷನ್ ಕಿಟ್ ಹಂಚಲು ಮುಂದೆ ಬರುವ ಹುಡುಗ ಹುಡುಗಿಯರು ಇವತ್ತು ‘ಹವಾಮಾನ ನ್ಯಾಯ’ ಎಂಬ ಹೊಸ ಮಾತನ್ನು ಆಡುತ್ತಿದ್ದಾರೆ. ಈ ನೆಲದ ಹಳೆಯ ಬರಗಳು ಆ ಮಾತಿಗೆ ಒಂದು ಖಚಿತ ಅರ್ಥ ಕೊಡುತ್ತವೆ ಎಂಬುದು ನನ್ನ ವಾದ: ಅನ್ನ ಎಷ್ಟಿದೆ, ಯಾರು ಕೊಟ್ಟರು ಎಂಬುದಕ್ಕಿಂತ ಮೊದಲು ಕೀಲಿ ಯಾರ ಹತ್ತಿರ ಇದೆ ಎಂದು ಕೇಳಬೇಕು.

ದಾಮಾಜಿಯ ಕಾಲ ಹೇಗಿತ್ತು ಎನ್ನುವುದಕ್ಕೆ ಪವಾಡದ ಹೊರಗೂ ಸಾಕ್ಷಿಗಳಿವೆ. ದಖ್ಖನಿನಲ್ಲಿ 1396ರಿಂದ 1407ರವರೆಗೆ ಹನ್ನೆರಡು ವರ್ಷ ಕಾಡಿತೆನ್ನುವ ದುರ್ಗಾದೇವಿ ಬರ ಜನರ ನೆನಪಿನಲ್ಲಿ ಶತಮಾನಗಟ್ಟಲೆ ಉಳಿಯಿತು. ಹಿಂಗಾರು ಕೈಕೊಟ್ಟ 1460ರ ಬರಕ್ಕೆ ದಾಮಾಜಿಯ ಹೆಸರೇ ಅಂಟಿಕೊಂಡಿತು. 1472ರಿಂದ ಮತ್ತೆ ಎರಡು ವರ್ಷ ಮಳೆಯಿಲ್ಲ. ಈ ಎರಡು ಬರಗಳ ನಡುವೆ, 1469ರಿಂದ 1472ರ ಅವಧಿಯಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಈ ಕಡೆ ಇದ್ದ. ಕುದುರೆ ಮಾರಲು ಬಂದವನು. ಅರಮನೆಯ ವೈಭವ ಕಂಡು ಬೆರಗಾದವನು. ಆದರೂ ಅಮೀರರ ಸಿರಿಗೂ ಹಳ್ಳಿಗರ ದೈನ್ಯಕ್ಕೂ ನಡುವಿನ ಅಂತರ ಅವನ ಕಣ್ಣು ತಪ್ಪಲಿಲ್ಲ, ಅದನ್ನು ಬರೆದಿಟ್ಟ. ಅದೇ ಹೊತ್ತಿಗೆ ಮಹಮೂದ್ ಗಾವಾನನ ಮದ್ರಸಾ ಬೀದರಿನಲ್ಲಿ ಎದ್ದು ನಿಂತಿತು. ಓದಲು ಬಂದವರಿಗೆ ಅಲ್ಲಿ ಊಟ ವಸತಿ ಉಚಿತವಾಗಿತ್ತು ಎನ್ನುತ್ತಾರೆ. ಭೂಮಿ ಅಳೆಯಿಸಿ ಕಂದಾಯಕ್ಕೊಂದು ಕ್ರಮ ತಂದ ದಿವಾನನೂ ಗಾವಾನನೇ. 1481ರಲ್ಲಿ ಅವನ ತಲೆ ಉರುಳಿತು, ಅವನ ಸುಧಾರಣೆಗಳೂ ಅವನೊಂದಿಗೆ ಕುಸಿದವು. ಒಳ್ಳೆಯ ಸುಲ್ತಾನ, ಒಳ್ಳೆಯ ದಿವಾನ, ಒಳ್ಳೆಯ ಕಣಜಾಧಿಕಾರಿ ಇದ್ದಾಗ ಬಡವರು ಉಣ್ಣುತ್ತಿದ್ದರು, ಆ ಮನುಷ್ಯ ಹೋದ ಮರುದಿನ ಏನಾಗುವುದೋ ಯಾರಿಗೂ ಗೊತ್ತಿರಲಿಲ್ಲ.

ನೀರಿನ ಕಥೆ ಇದಕ್ಕಿಂತ ಸ್ವಲ್ಪ ಬೇರೆ, ಆದ್ದರಿಂದಲೇ ಮುಖ್ಯ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹನಿಗೆ ‘ವಲಿ’ ಎಂಬ ಬಿರುದು ಬಂದದ್ದು ಯುದ್ಧದಿಂದ ಅಲ್ಲ, ಬರದಿಂದ. ಮಳೆ ಬಾರದೆ ಜನ ಕಂಗೆಟ್ಟಾಗ ಸುಲ್ತಾನ ಗುಡ್ಡ ಹತ್ತಿ ಪ್ರಾರ್ಥಿಸಿದ, ಮಳೆ ಸುರಿಯಿತು ಎಂದು ಚರಿತ್ರೆಕಾರ ಫೆರಿಷ್ತಾ ಬರೆಯುತ್ತಾನೆ. ಅಷ್ಟೂರಿನಲ್ಲಿರುವ ಅವನ ಗುಂಬಜಿನ ಉರುಸಿಗೆ ಇಂದಿಗೂ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಲಿಂಗಾಯತ ಭಕ್ತರ ಬಾಯಲ್ಲಿ ಸುಲ್ತಾನ ಅಲ್ಲಮಪ್ರಭು ಆಗಿದ್ದಾನೆ. ಮಳೆ ತಂದವನಿಗೆ ಸಂದ ಈ ಗೌರವ ದೊಡ್ಡದೇ. ಆದರೆ ಬೀದರಿಗೆ ನಿಜವಾಗಿ ನೀರು ಕೊಟ್ಟದ್ದು ನೆಲದೊಳಗಿನ ಕರೇಜ್. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಅದರ ಕೆಳಗೆ ಕರಿಕಲ್ಲು. ಜಂಬಿಟ್ಟಿಗೆ ಮಳೆ ಹೀರುತ್ತದೆ, ಕರಿಕಲ್ಲು ತಡೆಯುತ್ತದೆ, ಎರಡೂ ಕೂಡುವಲ್ಲಿ ನೀರು ಜಿನುಗುತ್ತದೆ. ಪರ್ಷಿಯಾದ ಕುಶಲಿಗಳು ಬಲ್ಲ ವಿದ್ಯೆಯನ್ನು ಹದಿನೈದನೆಯ ಶತಮಾನದಲ್ಲಿ ಇಲ್ಲಿಯ ಕಲ್ಲಿಗೆ ಒಗ್ಗಿಸಿದರು: ಎತ್ತರದಲ್ಲೊಂದು ತಾಯಿಬಾವಿ, ಅಲ್ಲಿಂದ ಸಣ್ಣ ಇಳಿಜಾರಿನ ಸುರಂಗ, ಗಾಳಿ ಬೆಳಕಿಗೂ ಹೂಳು ತೆಗೆಯಲಿಕ್ಕೂ ಸಾಲಾಗಿ ಬಾಯಿ ತೆರೆದ ಬಾವಿಗಳು. ನೌಬಾದಿನ ಕರೇಜಿನಲ್ಲಿ ಇಂಥ ಬಾಯಿಗಳು ಇಪ್ಪತ್ತಕ್ಕೂ ಹೆಚ್ಚು; ಶುಕ್ಲತೀರ್ಥ, ಜಮುನಾ ಮೋರಿ ಇದರ ಸೋದರರು. ಯಂತ್ರವಿಲ್ಲದೆ ನೀರು ತಾನಾಗಿ ಹರಿಯುತ್ತಿತ್ತು. ಇಲ್ಲಿ ಗಮನಿಸಬೇಕಾದ್ದು ಬರೀ ಎಂಜಿನಿಯರಿಂಗ್ ಜಾಣ್ಮೆಯನ್ನಲ್ಲ. ಕರೇಜಿನಲ್ಲಿ ಜಿನುಗಿದಷ್ಟೇ ಹರಿಯುತ್ತದೆ. ಆಳಕ್ಕೆ ಕೈಹಾಕಿ ನಾಳೆಯ ನೀರನ್ನು ಇವತ್ತೇ ಎಳೆದುಕೊಳ್ಳುವ ದಾರಿ ಯಾವ ಸಾಹುಕಾರನಿಗೂ ಇರಲಿಲ್ಲ.

ಆ ದಾರಿಯನ್ನು ತೆರೆದದ್ದು ಕೊಳವೆಬಾವಿ. ಹಣವಿದ್ದವನು ಆಳಕ್ಕೆ ಕೊರೆಸಿದ, ಪಕ್ಕದವನ ಸೇದುಬಾವಿ ಬತ್ತಿತು, ಅವನು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸಿದ. ಚಿದ್ರಿ, ಮೈಲೂರು, ನೌಬಾದ್ ಒಂದು ಕಾಲಕ್ಕೆ ತಮ್ಮ ಬಾವಿ ಹೊಲಗಳಿದ್ದ ಊರುಗಳು. ನಗರ ಬೆಳೆದು ಅವು ಬಡಾವಣೆಗಳಾದವು, ಕರೇಜಿನ ಬಾಯಿಗಳ ಮೇಲೆ ಕಸ ಬಿತ್ತು, ಕೆಲವು ಕಡೆ ಮನೆಗಳೇ ಎದ್ದವು. ಇದರ ಲೆಕ್ಕ 2016ರ ಬೇಸಿಗೆಯಲ್ಲಿ ಸಿಕ್ಕಿತು. ಮಾಂಜ್ರಾ ಒಣಗಿತು, ಅದೇ ಕಣಿವೆಯ ಲಾತೂರಿಗೆ ಏಪ್ರಿಲ್ ತಿಂಗಳಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದದ್ದನ್ನು ದೇಶವೇ ನೋಡಿತು. ಆ ವರ್ಷ ಬೀದರಿನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಜನರನ್ನು ಜೊತೆಗೂಡಿಸಿ ನೂರಕ್ಕೂ ಹೆಚ್ಚು ಕೆರೆಗಳ, ನೂರಕ್ಕೂ ಹೆಚ್ಚು ತೆರೆದ ಬಾವಿಗಳ ಹೂಳು ತೆಗೆಸಿದರು. ಭೂಗೋಳ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಕರೇಜಿನ ಜಾಡು ಹಿಡಿದು ನಕ್ಷೆ ಬರೆದರು. ‘ಟೀಮ್ ಯುವಾ’ದಂಥ ಸ್ಥಳೀಯ ತರುಣರ ಬಳಗಗಳು ಬಾವಿ, ಕರೇಜ್‌ಗಳನ್ನು ಊರಿನ ಮಾತನ್ನಾಗಿ ಮಾಡಿದವು. ಕೆಲಸ ಸಾರ್ಥಕವಾದದ್ದೇ. ಆದರೆ ಹೂಳೆತ್ತುವುದು ಒಂದು ಬೇಸಿಗೆಯ ಉತ್ಸಾಹ. ಎತ್ತಿದ ಬಾವಿಯ ಪಕ್ಕದಲ್ಲಿ ಮತ್ತೊಂದು ಕೊಳವೆ ಇಳಿಯದಂತೆ ಯಾರು ತಡೆಯಬೇಕು ಎಂಬುದು ಮುಂದಿನ ಮೂವತ್ತು ವರ್ಷಗಳ ರಾಜಕೀಯ. ಅಧಿಕಾರಿ ವರ್ಗವಾಗುತ್ತಾರೆ. ಮಹಮೂದ್ ಗಾವಾನನ ಕಾಲದಿಂದಲೂ ಬೀದರಿಗೆ ಗೊತ್ತಿರುವ ಸಂಗತಿಯಿದು.

ಒಳ್ಳೆಯ ದೊರೆಯನ್ನು ಕಾಯದೆ ಹಸಿವನ್ನು ಎದುರಿಸುವ ಯೋಚನೆಯೂ ಈ ನೆಲದಲ್ಲೇ ಹುಟ್ಟಿತ್ತು. ದಾಮಾಜಿಯ ಮಂಗಳವೇಢೆ ಅವನಿಗಿಂತ ಮೂರು ಶತಮಾನ ಹಿಂದೆ ಕಲಚುರಿಗಳ ಮಂಗಳವಾಡ. ಬಸವಣ್ಣ ಅಲ್ಲಿಂದಲೇ ಕಲ್ಯಾಣಕ್ಕೆ ಬಂದದ್ದು. ಶರಣರ ದಾಸೋಹವನ್ನು ನಾವು ಅನ್ನಸಂತರ್ಪಣೆಯ ಮಟ್ಟಕ್ಕೆ ಇಳಿಸಿಬಿಟ್ಟಿದ್ದೇವೆ. ಅದರ ಕಠಿಣ ರೂಪ ನೋಡಬೇಕಾದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಯ ಕಥೆಗೆ ಹೋಗಬೇಕು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಮಾರಯ್ಯ ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಹೆಂಡತಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮಿಕ್ಕದ್ದನ್ನು ಹೋಗಿ ಅಲ್ಲೇ ಸುರಿದು ಬಾ ಎಂದಳು. ಕೊಡುವುದಕ್ಕಾಗಿಯಾದರೂ ಕೂಡಿಡಬಾರದು ಎಂಬ ಈ ನಿಲುವು ದಾನಶೂರರಿಗೆ ಇಷ್ಟವಾಗುವಂಥದ್ದಲ್ಲ. ನನಗೂ ಇದು ಪೂರ್ತಿ ಒಪ್ಪಿಗೆಯಿಲ್ಲ, ಯಾಕೆಂದರೆ ಬರದ ಸೀಮೆಯಲ್ಲಿ ಒಂದು ವರ್ಷದ ಮಿಕ್ಕಿದ್ದನ್ನು ಇನ್ನೊಂದು ವರ್ಷಕ್ಕೆ ಇಡಲೇಬೇಕು. ರೈತರು ಜೋಳವನ್ನು ಹಗೇವಿಗೆ ಹಾಕಿ ಬಾಯಿ ಮುಚ್ಚುತ್ತಿದ್ದದ್ದು ಅದಕ್ಕೇ. ಆದರೂ ಲಕ್ಕಮ್ಮ ಬೆರಳಿಟ್ಟದ್ದು ಸರಿಯಾದ ಜಾಗಕ್ಕೆ: ಮಿಕ್ಕ ಧಾನ್ಯ ಒಂದೇ ಮನೆಯೊಳಗೆ ಸೇರಿದ ಕ್ಷಣದಲ್ಲಿ ಉಳಿದವರು ಬೇಡುವವರಾಗುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಭಾಲ್ಕಿ ಈ ಯೋಚನೆಗೆ ತನ್ನದೇ ಆದ ಒಂದು ರೂಪ ಕೊಟ್ಟಿತು. ಔರಾದ್ ಸೀಮೆಯ ಕಮಲನಗರದಲ್ಲಿ 1890ರಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಭಾಲ್ಕಿ ಹಿರೇಮಠದ ಸ್ವಾಮಿಗಳಾಗಿ, ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ಜೊತೆಗಿದ್ದ ಪ್ರಸಾದ ನಿಲಯದ ಕಥೆಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಬಡ ಮಕ್ಕಳು ಓದಬೇಕಾದರೆ ಮೊದಲು ಉಣ್ಣಬೇಕು. ಅವರ ಊಟಕ್ಕೆ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಒಬ್ಬ ದೇಶಮುಖನ ಕೃಪೆಯಲ್ಲಿ ಇಡೀ ನಿಲಯ ನಡೆಸುವುದು ಬಹುಶಃ ಸುಲಭವಿತ್ತು. ಮನೆಮನೆಯ ಸೇರು ಜೋಳದಲ್ಲಿ ನಡೆಸಿದ್ದರಿಂದ ನಿಲಯಕ್ಕೆ ಒಬ್ಬ ಒಡೆಯ ಅಂತ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಹೊರೆ ಎಲ್ಲರ ಮೇಲೂ ಹಂಚಿ ಬೀಳುತ್ತಿತ್ತು. ಅಲ್ಲಿ ಉಂಡವರು ಮುಂದೆ ಈ ಜಿಲ್ಲೆಯ ಮೇಷ್ಟ್ರುಗಳಾದರು, ಸಾರ್ವಜನಿಕ ಕೆಲಸಗಳ ಮುಂದಾಳುಗಳಾದರು. ಆಹಾರ ಭದ್ರತೆಯನ್ನು ಚೀಲದ ಲೆಕ್ಕದಲ್ಲಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ತರುಣರಿಗೆ ಹಾಕಿದ ಅನ್ನ ಇಲ್ಲಿ ಒಂದು ತಲೆಮಾರಿನ ಸಂಘಟನಾಶಕ್ತಿಯಾಗಿ ಹಿಂದಿರುಗಿತು. ಗುರುನಾನಕ್ ಝೀರಾ ಗುರುದ್ವಾರದ ಲಂಗರ್ ಕೂಡ ಬೀದರ್ ಊರಿನಲ್ಲಿ, ಅದೇ ಜಂಬಿಟ್ಟಿಗೆಯ ಒರತೆಯ ಪಕ್ಕದಲ್ಲಿ, ಯಾರನ್ನೂ ನೀನು ಯಾರು ಎಂದು ಕೇಳದೆ ಉಣಬಡಿಸುತ್ತಿದೆ.

ಇನ್ನು ಸರ್ಕಾರದ ಭಾಗ. 1899-1900ರ ಬರದಲ್ಲಿ ನಿಜಾಮ್ ಸಂಸ್ಥಾನದ ಈ ಮೂಲೆ ಎಷ್ಟು ನುಗ್ಗಾಯಿತೆಂದರೆ, 1891ರಲ್ಲಿ ಒಂಬತ್ತು ಲಕ್ಷದಷ್ಟಿದ್ದ ಬೀದರ್ ಜಿಲ್ಲೆಯ ಜನಸಂಖ್ಯೆ 1901ರ ಗಣತಿಗೆ ಏಳೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. 1956ರಲ್ಲಿ ಆ ಹಳೆಯ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ ಹೋದವು. ಜಹೀರಾಬಾದ್ ತಾಲ್ಲೂಕಿನ ಹೆಚ್ಚಿನ ಭಾಗ, ನಾರಾಯಣಖೇಡ ತೆಲುಗು ಸೀಮೆಗೆ. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ. ಭಾಷೆಯ ಲೆಕ್ಕದಲ್ಲಿ ನಡೆದ ಈ ವಿಭಜನೆ ಹಸಿವಿನ ಚರಿತ್ರೆಕಾರನಿಗೆ ಒಂದು ಅಪರೂಪದ ಅವಕಾಶ ಕೊಟ್ಟಿದೆ. ಒಂದೇ ಆಡಳಿತದಡಿ ಇದ್ದ, ಹೆಚ್ಚುಕಡಿಮೆ ಒಂದೇ ಬಗೆಯ ಮಳೆ ಮಣ್ಣಿನ ಮೂರು ತುಂಡುಗಳು ಮೂರು ದಾರಿ ಹಿಡಿದವು. 1972ರ ಬರದ ನಂತರ ಮಹಾರಾಷ್ಟ್ರ ಉದ್ಯೋಗ ಖಾತರಿಯನ್ನು ಯೋಜನೆಯಾಗಿ ಆರಂಭಿಸಿ 1977ರಲ್ಲಿ ಕಾಯ್ದೆ ಮಾಡಿತು. ಉದಗೀರಿನ ಕೂಲಿಗೆ ಕೆಲಸ ಕೇಳುವ ಹಕ್ಕು ಬಂತು. ಗಡಿಯ ಈಚೆ ಔರಾದಿನ ಕೂಲಿಗೆ ಅದು ಸಿಗಲು 2006ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ರಾಷ್ಟ್ರೀಯ ಖಾತರಿಯ ಮೊದಲ 200 ಜಿಲ್ಲೆಗಳಲ್ಲಿ ಬೀದರ್ ಇತ್ತು. ಸುಮಾರು ಮೂವತ್ತು ವರ್ಷಗಳ ಆ ಅಂತರದಲ್ಲಿ ಇಲ್ಲಿಯವರಿಗೆ ಬರ ಎಂದರೆ ಗುಳೆ, ಹೈದರಾಬಾದಿಗೋ ಪುಣೆಗೋ. ಬೀದರಿಗೆ ಮೊದಲು ಬಂದ ದೊಡ್ಡ ಹಕ್ಕು ಮಕ್ಕಳ ಊಟದ್ದು: ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ, ಕರ್ನಾಟಕ 2002ರಲ್ಲಿ ಅಕ್ಷರ ದಾಸೋಹವನ್ನು ಶುರುಮಾಡಿದ್ದು ಬೀದರ್ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಈಗ ಮೂವತ್ತರ ಹತ್ತಿರದ ವಯಸ್ಸು. ಇವತ್ತು ಬಾವಿ ಸ್ವಚ್ಛಮಾಡಲು ಹೋಗುವ ಈ ಜಿಲ್ಲೆಯ ತರುಣರು ಶಾಲೆಯಲ್ಲಿ ತಟ್ಟೆ ಹಿಡಿದು ಕೂತಾಗ ಯಾರ ಹಂಗಿಗೂ ಬೀಳದೆ ಉಂಡ ಮೊದಲ ಪೀಳಿಗೆ. ದಾಮಾಜಿಯ ಬಾಗಿಲಲ್ಲಿ ನಿಂತವರಿಗೂ ಇವರಿಗೂ ಇರುವ ವ್ಯತ್ಯಾಸ ಕಾಯ್ದೆಯದು, ಮತ್ತು ಅದು ಸಣ್ಣ ವ್ಯತ್ಯಾಸವಲ್ಲ.

ಮೂರನೆಯ ತುಂಡಿನಲ್ಲಿ, ಬೀದರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯ ಜಹೀರಾಬಾದಿನಲ್ಲಿ, ನಡೆದದ್ದು ಎಲ್ಲಕ್ಕಿಂತ ಕುತೂಹಲಕರ. ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ಕೆಲಸ ಮಾಡಿದ್ದ ಪಿ. ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಅದರ ಬೆನ್ನೆಲುಬು ಹಳ್ಳಿಹಳ್ಳಿಯ ಸಂಘಗಳಲ್ಲಿ ಸೇರಿದ ಹೆಂಗಸರು. ಬಹುಪಾಲು ದಲಿತರು, ಎಪ್ಪತ್ತೈದರಷ್ಟು ಹಳ್ಳಿಗಳಲ್ಲಿ ಸುಮಾರು ಐದು ಸಾವಿರ ಮಂದಿ. ಸರ್ಕಾರ ಹಂಚಿದ್ದ ಅವರ ಜಮೀನು ಗರಸು, ಕಲ್ಲು. ಉಳುವ ಶಕ್ತಿಯಿಲ್ಲದೆ ಬೀಳುಬಿದ್ದಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದದ್ದು ದೂರದಿಂದ ಬಂದ ಅಕ್ಕಿ. 1990ರ ದಶಕದ ನಡುವಿನಲ್ಲಿ ಸಂಘಗಳು ಒಂದು ಲೆಕ್ಕ ಹಾಕಿದವು. ಬೀಳು ನೆಲದ ಒಡೆಯರಿಗೆ ಉಳುಮೆಗೆ, ಗೊಬ್ಬರಕ್ಕೆ, ಬೀಜಕ್ಕೆ ಮುಂಗಡ ಕೊಡುವುದು. ಅವರು ಅದನ್ನು ಹಣದಲ್ಲಿ ತೀರಿಸದೆ ಕೆಲವು ವರ್ಷಗಳಲ್ಲಿ ಜೋಳದಲ್ಲಿ ತೀರಿಸುವುದು. ಆ ಜೋಳವನ್ನು ಊರಿನಲ್ಲೇ ಇಟ್ಟು, ಮಳೆಗಾಲದ ಕೈಬಿಗಿಯ ತಿಂಗಳುಗಳಲ್ಲಿ ತೀರ ಬಡವರಿಗೆ ಕಡಿಮೆ ಬೆಲೆಗೆ ಕೊಡುವುದು. ತೀರ ಬಡವರು ಯಾರು? ಊರಿನವರು ನೆಲದ ಮೇಲೆ ಊರಿನ ನಕ್ಷೆ ಬರೆದು, ಒಂದೊಂದು ಮನೆಯನ್ನೂ ಎಲ್ಲರೆದುರು ಚರ್ಚಿಸಿ ತೀರ್ಮಾನಿಸಿದರು: ಒಂಟಿ ಹೆಂಗಸೇ, ಮೈಯಲ್ಲಿ ಶಕ್ತಿಯಿದೆಯೇ, ದುಡಿಯುವ ಮಗನಿದ್ದಾನೆಯೇ. ಇದರಿಂದ ಹೊಲದಲ್ಲಿ ಕೂಲಿ, ದನಕ್ಕೆ ಮೇವು, ಮನೆಗೆ ಜೋಳ ಒಟ್ಟಿಗೇ ಬಂದವು. ಹೆಂಗಸರು ಬೂದಿ, ಬೇವಿನ ಎಲೆ ಬೆರೆಸಿ ಬೀಜ ಕಾಪಿಟ್ಟರು. ಮಾಚನೂರಿನಲ್ಲಿ 2008ರಿಂದ ಸಂಘದ್ದೇ ರೇಡಿಯೋ ಇದೆ. ಅದೇ ಊರಿನ ‘ಪಚ್ಚಸಾಲೆ’ಯಲ್ಲಿ ಮಕ್ಕಳು ಅಕ್ಷರದ ಜೊತೆ ಕೃಷಿಯನ್ನೂ ಕಸುಬನ್ನೂ ಕಲಿಯುತ್ತಾರೆ. ವರ್ಷಕ್ಕೊಮ್ಮೆ ಎತ್ತಿನ ಗಾಡಿಗಳು ಬೀಜ ಹೇರಿಕೊಂಡು ಹಳ್ಳಿ ಸುತ್ತುತ್ತವೆ. ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ 2019ರಲ್ಲಿ ಬಂತು. ಪ್ರಶಸ್ತಿಗಿಂತ ನಾನು ಹೆಚ್ಚು ತೂಕ ಕೊಡುವುದು ತೀರ ಬಡವರ ಆ ಪಟ್ಟಿಗೆ. ಹಸಿದವರ ಪಟ್ಟಿಯನ್ನು ಹಸಿದವರೇ ಬರೆದದ್ದು ಈ ಸೀಮೆಯಲ್ಲಿ ಅದೇ ಮೊದಲು ಎನಿಸುತ್ತದೆ.

ಇಲ್ಲಿ ಎದ್ದು ನಿಲ್ಲುವ ಮೊದಲ ಆಕ್ಷೇಪ ಗಂಭೀರವಾದದ್ದು. ‘ಊರಿನ ಕಣಜ, ಊರಿನ ಬಾವಿ’ ಎಂದರೆ ಹಳೆಯ ಜಾತಿಯ ಊರನ್ನೇ ಮರಳಿ ತರುವುದಲ್ಲವೇ? ರಾಶಿಯ ಕಾಲಕ್ಕೆ ಕಣದಲ್ಲಿ ಆಯ ಅಳೆದು ಕೊಡುತ್ತಿದ್ದಾಗ ಯಾರು ಕೊಟ್ಟರು, ಯಾರು ಕೈಯೊಡ್ಡಿದರು ಎಂಬುದನ್ನು ಹುಟ್ಟೇ ಗೊತ್ತುಮಾಡಿತ್ತು. ಬಾವಿ ಊರಿನದೇ, ಕೇರಿಯವರು ಮಾತ್ರ ಮೇಲಿನಿಂದ ಸುರಿಸಿಕೊಳ್ಳಬೇಕಿತ್ತು. ಇದೆಲ್ಲ ನಿಜ, ಹಾಗಾಗಿ ಗತವೈಭವದ ಹೆಸರಿನಲ್ಲಿ ಕರೇಜ್, ಹಗೇವುಗಳನ್ನು ಹೊಗಳುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಜಹೀರಾಬಾದಿನ ಉದಾಹರಣೆ ಈ ಆಕ್ಷೇಪಕ್ಕೆ ಉತ್ತರವನ್ನು ಕೆಳಗಿನಿಂದಲೇ ಕೊಟ್ಟಿದೆ: ಆಯ ಪಡೆಯುತ್ತಿದ್ದ ಕೇರಿಯ ಹೆಂಗಸರೇ ಅಲ್ಲಿ ಅಳೆಯುವವರಾದರು. ದಾಮಾಜಿಯ ಕಥೆಯಲ್ಲೂ ಸಾಲ ತೀರಿಸಲು ದೇವರು ಆರಿಸಿಕೊಂಡ ವೇಷ ಮಹಾರನದು. ಜನ ಈ ಕಥೆಯನ್ನು ಕಟ್ಟಿಕೊಂಡಾಗ ಸುಮ್ಮನೆ ಕಟ್ಟಿಲ್ಲ. ತರುಣರ ಯಾವುದೇ ಬಳಗ ಧಾನ್ಯವನ್ನೋ ನೀರನ್ನೋ ಕಾಯಲು ಹೊರಟರೆ, ಕೇರಿ ಮತ್ತು ತಾಂಡಾಗಳ ಹೆಣ್ಣುಮಕ್ಕಳು ಆ ಸಮಿತಿಯಲ್ಲಿ ಸದಸ್ಯರಾಗಿದ್ದರೆ ಸಾಲದು, ಕೀಲಿ ಅವರ ಬಳಿಯೇ ಇರಬೇಕು ಎನ್ನುವುದು ಇದರಿಂದ ಹೊರಡುವ ನಿಬಂಧನೆ.

ಎರಡನೆಯ ಆಕ್ಷೇಪ ಪೇಟೆಯಲ್ಲಿ ಹೆಚ್ಚು ಕೇಳುತ್ತದೆ. ಅನ್ನಭಾಗ್ಯ 2013ರಿಂದ ಇದೆ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೂ ಅದೇ ವರ್ಷದ್ದು. ಹೊಟ್ಟೆಗೆ ಅಕ್ಕಿ ಸಿಗುವಾಗ ಊರಿನ ಜೋಳದ ರಾಶಿ ಯಾಕೆ? ರೇಷನ್ ಅಂಗಡಿಯ ಬಗ್ಗೆ ಹಗುರವಾಗಿ ಮಾತಾಡುವವರು 1900ರ ಬರವನ್ನು ಮರೆತವರು, ಆ ಅಂಗಡಿಯನ್ನು ಮುಟ್ಟಗೊಡಬಾರದು. ಆದರೆ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಹೊಲವನ್ನು ಕಾಯುವುದಿಲ್ಲ. ಬೀದರಿನ ಹೊಲ ಹೇಗಿತ್ತು ಎಂಬುದಕ್ಕೆ ಎಳ್ಳಮಾವಾಸ್ಯೆಯ ಅಡುಗೆ ಸಾಕ್ಷಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ; ಪೇಟೆಯ ಗೆಳೆಯರನ್ನೂ ಕರೆಯುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಅಂಬಲಿಯ ಜೊತೆ ಭಜ್ಜಿ ಇರಲೇಬೇಕು. ಭಜ್ಜಿ ಎಂದರೆ ಕರಿದ ತಿಂಡಿಯಲ್ಲ; ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಕೂಡಿಸಿ ಬೇಯಿಸಿದ ಪಲ್ಯ. ಉಣ್ಣುವ ಮೊದಲು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಈ ಒಂದು ಪಾತ್ರೆಯಲ್ಲಿ ಬೀಳುತ್ತಿದ್ದದ್ದು ಒಂದೇ ಹೊಲದ ಅಕ್ಕಡಿ ಸಾಲುಗಳ ಬೆಳೆ: ತೊಗರಿ, ಅವರೆ, ಕಡಲೆ, ಮೆಂತ್ಯ. ಮುಂಗಾರು ಹೆಸರು, ಉದ್ದನ್ನು ಕೊಂದರೆ ತೊಗರಿ ಉಳಿಯುತ್ತಿತ್ತು, ಅದೂ ಹೋದರೆ ಹಿಂಗಾರಿನ ಬಿಳಿಜೋಳ ಇತ್ತು. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆಯ ಬೀದರ್ ಒಣ ಜಿಲ್ಲೆಯೇನಲ್ಲ. ಇಲ್ಲಿಯ ತೊಂದರೆ ಮಳೆಯ ಪ್ರಮಾಣಕ್ಕಿಂತ ಅದು ಬೀಳುವ ಹೊತ್ತಿನದು. ಬಿಸಿಯಾದ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ. ಹಾಗಾಗಿ ಒಣ ವಾರಗಳೂ ಉದ್ದವಾಗುತ್ತಿವೆ, ಬಿದ್ದರೆ ಒಂದೇ ರಾತ್ರಿಯಲ್ಲಿ ಬೀಳುತ್ತದೆ. ರಾಶಿಯ ಹೊತ್ತಿಗೆ ಬಂದ ಅಂಥ ಮಳೆಗೆ ಒಂದೇ ಬೆಳೆಯ ಹೊಲ ಒಂದೇ ಏಟಿಗೆ ಹೋಗುತ್ತದೆ. ಈಗ ಜಿಲ್ಲೆಯ ಮುಂಗಾರು ಹೊಲಗಳ ಮೇಲೆ ಹರಡಿರುವುದು ಸೋಯಾ, ನೀರಿದ್ದಲ್ಲಿ ಕಬ್ಬು. ಸೋಯಾ ಭಜ್ಜಿಗೆ ಬೀಳುವುದಿಲ್ಲ, ಎಣ್ಣೆ ಗಿರಣಿಗೆ ಹೋಗುತ್ತದೆ.

ಹಾಗಾದರೆ ರೈತರು ಮೂರ್ಖರೇ ಎಂದು ಕೇಳಬಹುದು. ಅಲ್ಲ. ಸೋಯಾಕ್ಕೆ ಮಾರುಕಟ್ಟೆ ಇದೆ, ಮೂರೂವರೆ ತಿಂಗಳಲ್ಲಿ ಕೈಗೆ ದುಡ್ಡು. ಕಬ್ಬಿಗೆ ಜಿಲ್ಲೆಯಲ್ಲೇ ಕಾರ್ಖಾನೆಗಳಿವೆ. ಜೋಳ ಕೊಯ್ಯಲು, ಬಡಿಯಲು ಆಳು ಸಿಗುವುದಿಲ್ಲ. ಬೆಂಬಲ ಬೆಲೆಯ ಕೇಂದ್ರ ಎಷ್ಟೋ ಸಲ ಬಾಗಿಲು ತೆರೆಯುವ ಹೊತ್ತಿಗೆ ಸಣ್ಣ ರೈತ ಮಾರಿ ಮುಗಿಸಿರುತ್ತಾನೆ. ಇದು ರೈತನ ಆಯ್ಕೆಗಿಂತ ಹೆಚ್ಚಾಗಿ ಅವನಿಗೆ ಉಳಿಸಿದ ದಾರಿ. ಬೀದರ್ ಡಿಸಿಸಿ ಬ್ಯಾಂಕ್ 1990ರ ದಶಕದಿಂದ ಸ್ವಸಹಾಯ ಸಂಘಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿ ಹೆಸರು ಮಾಡಿದೆ. ಹೆಣ್ಣುಮಕ್ಕಳ ಕೈಗೆ ಉಳಿತಾಯ, ಸಾಲ, ಪಾಸ್‌ಬುಕ್ ಬಂದವು. ಅದೇ ಕೈಗಳಿಗೆ ಧಾನ್ಯದ ಲೆಕ್ಕ ಬರಲಿಲ್ಲ. ಗಡಿಯ ಆಚೆ ಸಾಲವನ್ನು ಜೋಳದಲ್ಲಿ ತೀರಿಸಬಹುದಾದರೆ ಈಚೆ ಯಾಕಾಗದು? ಹಣದ ಸಂಘ ಕಟ್ಟಿದ ಜಿಲ್ಲೆಗೆ ಧಾನ್ಯದ ಸಂಘ ಕಷ್ಟವಲ್ಲ, ಖರೀದಿಯ ಖಾತರಿ ಇದ್ದರೆ. ಅಕ್ಷರ ದಾಸೋಹದ ಅಡುಗೆಮನೆ, ಅಂಗನವಾಡಿ, ವಿದ್ಯಾರ್ಥಿನಿಲಯ, ಇವೆಲ್ಲ ವರ್ಷವಿಡೀ ಬೇಳೆ ಬೇಡುವ ಗಿರಾಕಿಗಳು. ಔರಾದಿನ ತೊಗರಿ ಔರಾದಿನ ಶಾಲೆಯ ಸಾಂಬಾರಿಗೆ ನೇರವಾಗಿ ಹೋಗುವಂತೆ ಒತ್ತಾಯಿಸುವುದು ಕಿಟ್ ಹಂಚಿದಷ್ಟು ಚಂದದ ಫೋಟೊ ಕೊಡಲಾರದು, ನಿಜ.

ಕೊನೆಗೆ, ಗಾತ್ರದ ಪ್ರಶ್ನೆ. ಐದು ಸಾವಿರ ಹೆಂಗಸರ ಪ್ರಯೋಗವೆಲ್ಲಿ, 2011ರ ಗಣತಿಯಲ್ಲೇ ಹದಿನೇಳು ಲಕ್ಷ ದಾಟಿದ್ದ ಜಿಲ್ಲೆಯೆಲ್ಲಿ? ತರುಣರೇ ಊರು ಬಿಡುತ್ತಿರುವಾಗ ಯಾರು ಇದನ್ನು ನಡೆಸುವವರು? ಸಂಘಗಳು ಜಿಲ್ಲೆಗೆ ಅನ್ನ ಹಾಕುತ್ತವೆ ಎಂದು ಯಾರೂ ಹೇಳುತ್ತಿಲ್ಲ. ಆ ಹೊಣೆ ಕಾಯ್ದೆಯದು, ಬಜೆಟ್ಟಿನದು. ಇಂಗಾಲ ಸುಟ್ಟು ಹವೆ ಕೆಡಿಸಿದವರ ಪಾಲಿನ ಹೊಣೆಯನ್ನು ಔರಾದಿನ ಕೂಲಿಯ ಹುಡುಗಿಯ ಸ್ವಯಂಸೇವೆಯ ಮೇಲೆ ಹೊರಿಸುವುದು ನ್ಯಾಯದ ಹೆಸರಿನ ಅನ್ಯಾಯ. ತರುಣರ ಕೆಲಸ ಬೇರೆ ಮತ್ತು ಹೆಚ್ಚು ಸಾಧ್ಯವಾದದ್ದು: ಕಣಜ ಯಾವಾಗ ತೆರೆಯುತ್ತದೆ, ಪಟ್ಟಿಯಲ್ಲಿ ಯಾರಿದ್ದಾರೆ, ಬಾವಿಯ ಸುತ್ತ ಎಷ್ಟು ದೂರ ಕೊಳವೆ ಕೊರೆಯುವಂತಿಲ್ಲ ಎಂಬುದನ್ನು ಗ್ರಾಮಸಭೆಯ ದಾಖಲೆಗೆ ತರುವುದು, ಉದ್ಯೋಗ ಖಾತರಿಯ ಕೂಲಿಯಲ್ಲಿ ಹೂಳೆತ್ತಿಸುವುದು, ವಾರ್ಷಿಕ ಲೆಕ್ಕ ಕೇಳುವುದು. ಸಂಬಳವಿಲ್ಲದೆ ಯಾರೂ ಇದನ್ನು ಹತ್ತು ವರ್ಷ ಮಾಡಲಾರರು ಎಂಬುದೂ ಸರಿಯೇ. ಭಾಲ್ಕಿಯ ಪ್ರಸಾದ ನಿಲಯ ನಡೆದದ್ದು ಉಣ್ಣುವ ಹುಡುಗರ ಖರ್ಚನ್ನು ಊರುಗಳು ಹೊತ್ತಿದ್ದರಿಂದ. ಇವತ್ತು ಪಂಚಾಯಿತಿ ಒಬ್ಬ ನೀರುಗಂಟಿಗೆ ಕೊಡುವ ಸಂಬಳದ ಸಾಲಿನಲ್ಲೇ ಧಾನ್ಯ, ಬೀಜ ನೋಡಿಕೊಳ್ಳುವ ಒಬ್ಬ ಹುಡುಗಿಗೂ ಸಂಬಳ ಬರೆಯಬಹುದು. ಜಹೀರಾಬಾದಿನ ಹೆಂಗಸರು ಅಕ್ಷರ ಬಾರದೆಯೇ ಪಟ್ಟಿ ಬರೆದರು. ಅಕ್ಷರ ದಾಸೋಹದಲ್ಲಿ ಉಂಡು ಡಿಗ್ರಿ ಮುಗಿಸಿದವರಿಗೆ ಆ ಪಟ್ಟಿಯನ್ನು ಮುಂದುವರಿಸಲು ಬೇಕಿರುವುದು ಗಡಿ ದಾಟುವ ಒಂದು ಬಸ್ ಟಿಕೆಟ್ ಮತ್ತು ತಮ್ಮ ಊರಿನ ಪಹಣಿಗಳ ನಕಲು.